ನೋಡಿದ್ರ ಬರತೈತಿ, ಬರದ್ರ ಬರಂಗಿಲ್ಲ

ನಮ್ಮೂರು ಹುಲಿಹೈದರದಲ್ಲಿ ಸಂಜೆಯಾದ ಮೇಲೆ ದ್ವಿತೀಯ ಪಿಯುಸಿ ಓದುವ ನಾಲ್ಕಾರು ಮಕ್ಕಳನ್ನು ಕೂಡಿಸಿಕೊಂಡು ಗಣಿತ ಮಾಡಿಸುತ್ತೇನೆ. ಇದಕ್ಕೆ ಟ್ಯೂಷನ್ ಅನ್ನಲು ನನಗೆ ಧೈರ್ಯವಿಲ್ಲ. ಫೀಸು ತೆಗೆದುಕೊಂಡರೆ ರಿಸಲ್ಟಿಗೆ ಜವಾಬು ಕೊಡಬೇಕಾಗುತ್ತದೆ, ನಾನೋ ಅದೇ ಪರೀಕ್ಷೆಯಲ್ಲಿ ಅದೇ ವಿಷಯದಲ್ಲಿ ಡುಮ್ಕಿ ಹೊಡೆದವನು. ಊರಲ್ಲಿ ಇದು ಗುಟ್ಟೇನಲ್ಲ. "ಆ ಮಾಸ್ತರಗ ಫೇಲಾಗೂದು ಹೆಂಗಂತ ಚಲೋ ಗೊತ್ತೈತಿ, ಹೋಗಿ ಕೇಳು" ಎಂದೇ ಕೆಲವರು ಮಕ್ಕಳನ್ನು ಕಳಿಸುತ್ತಾರೆ. ಮಾತು ಸುಳ್ಳಲ್ಲ. ಗಣಿತ ಎಷ್ಟು ಗೊತ್ತು ಎಂದು ಕೇಳಿದರೆ ತಡವರಿಸುತ್ತೇನೆ. ಅದರಲ್ಲಿ ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ಮಾತ್ರ ಮೊದಲು ನಾನೇ ಎಡವಿ, ಆಮೇಲೆ ಮಕ್ಕಳನ್ನೂ ಎಡವಿಸಿ ತಿಳಿದುಕೊಂಡಿದ್ದೇನೆ.

1. ಬಿಡಿಸಿಟ್ಟ ಲೆಕ್ಕ ಓದುವುದು ಅಭ್ಯಾಸವಲ್ಲ.

ನಾನು ಪಿಯುಸಿಗೆ ಗಂಗಾವತಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕನಕಗಿರಿಯಲ್ಲಿ ಜನ ಇಳಿದು ಸೀಟು ಸಿಕ್ಕರೆ ಗೈಡು ತೆರೆಯುತ್ತಿದ್ದೆ. ಬಿಡಿಸಿಟ್ಟ ಲೆಕ್ಕ ಓದುವುದರಲ್ಲಿ ಒಂದು ಸುಖವಿದೆ. ಪ್ರತಿ ಸಾಲಿಗೂ "ಹೌದು, ಹೌದು" ಅನ್ನುತ್ತ ಹೋಗಬಹುದು. ಬಸ್ಸು ಊರು ಮುಟ್ಟುವಷ್ಟರಲ್ಲಿ ಒಂದು ಎಕ್ಸರ್‌ಸೈಜ್ ಮುಗಿದಿರುತ್ತಿತ್ತು. ಹೀಗೆ ಇಡೀ ಇಂಟಿಗ್ರೇಷನ್ ಮುಗಿಸಿದೆ. ಪರೀಕ್ಷೆಯಲ್ಲಿ ಗೈಡಿನದೇ ಲೆಕ್ಕ ಬಂತು. ಮೊದಲ ಸಾಲು ನೆನಪಾಯಿತು, ಕೊನೆಯ ಉತ್ತರವೂ ನೆನಪಾಯಿತು. ನಡುವಿನ ಏಳೆಂಟು ಸಾಲು ಎಲ್ಲಿ ಹೋದವೋ ಗೊತ್ತಾಗಲಿಲ್ಲ.

ವರ್ಷಗಳಾದ ಮೇಲೆ ನನ್ನ ಹತ್ತಿರ ಬಂದ ಒಬ್ಬ ಹುಡುಗ, "ಸರ, ನೋಡಿದ್ರ ಬರತೈತ್ರಿ, ಬರ್ಯಾಕ ಕುಂತ್ರ ಬರಂಗಿಲ್ರಿ" ಅಂದ. ನನ್ನ ರೋಗಕ್ಕೆ ಅಷ್ಟು ಸರಿಯಾದ ಹೆಸರು ನನಗೇ ಹೊಳೆದಿರಲಿಲ್ಲ. ಈಗ ನಮ್ಮಲ್ಲಿ ಮಾಡುವುದಿಷ್ಟೇ: ಲೆಕ್ಕ ಓದಿ ಪುಸ್ತಕ ಮುಚ್ಚಬೇಕು. ಸಿಕ್ಕಿಬಿದ್ದ ಕಡೆ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆಯಬೇಕು. ಪುಸ್ತಕ ತೆರೆದು ಮುಂದಿನ ಒಂದೇ ಸಾಲು ನೋಡಿ ಮತ್ತೆ ಮುಚ್ಚಬೇಕು. ಮಾರನೆಯ ದಿನ ಅದೇ ಲೆಕ್ಕವನ್ನು ಮೊದಲಿನಿಂದ ಬರೆಯಬೇಕು, ಕೆಂಪು ಗೆರೆ ಇಲ್ಲದೆ. ಮಕ್ಕಳಿಗೆ ಇದು ಸೇರುವುದಿಲ್ಲ, ಒಂದು ಸಂಜೆಗೆ ಮೂರೋ ನಾಲ್ಕೋ ಲೆಕ್ಕ ಸಾಗಿದರೆ ದೊಡ್ಡದು. ಗೈಡಿನಲ್ಲಾದರೆ ಮೂವತ್ತು ಮುಗಿಯುತ್ತಿದ್ದವು.

2. ಪಾಸಿಂಗ್ ಪ್ಯಾಕೇಜನ್ನು ಜೂನ್ ತಿಂಗಳಲ್ಲೇ ಕೈಗೆ ಕೊಡಬಾರದು.

ಪಾಸಿಂಗ್ ಪ್ಯಾಕೇಜ್ ಅಂದರೇನು ಎಂದು ಕರ್ನಾಟಕದ ಪಿಯು ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ನಾನೂ ಒಂದು ತಯಾರಿಸಿದ್ದೆ. ಹಳೆಯ ಪ್ರಶ್ನೆಪತ್ರಿಕೆ ತಿರುವಿ, ಮೇಲಿಂದ ಮೇಲೆ ಬಂದ ಲೆಕ್ಕ ಆರಿಸಿ, ಮುದ್ದಾಗಿ ಬರೆದು ಝೆರಾಕ್ಸ್ ಮಾಡಿಸಿ, ವರ್ಷದ ಮೊದಲ ವಾರವೇ ಹಂಚಿದೆ. ಉಪಕಾರ ಮಾಡಿದೆ ಎಂದುಕೊಂಡಿದ್ದೆ. ಅದರ ಹೊರಗಿನದನ್ನು ಮಕ್ಕಳು ವರ್ಷವಿಡೀ ಮುಟ್ಟಲಿಲ್ಲ. ಪ್ರಶ್ನೆ ಸ್ವಲ್ಪ ಮಗ್ಗುಲು ಬದಲಿಸಿ ಬಂದಾಗ ಕೈಬಿಟ್ಟು ಕೂತರು. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಎನ್‌ಸಿಇಆರ್‌ಟಿ ಪಠ್ಯ ಕಡಿತವಾದಾಗ ಥ್ರೀ ಡಿಯಲ್ಲಿದ್ದ ಪ್ಲೇನ್ ಭಾಗ ಹೋಯಿತು, ಮೀನ್ ವ್ಯಾಲ್ಯೂ ಥಿಯರಂ ಹೋಯಿತು. ನನ್ನ ಪ್ಯಾಕೇಜಿನಲ್ಲಿ ಎರಡೂ ಹಾಗೇ ಉಳಿದಿದ್ದವು. ಇಲ್ಲದ ಪಾಠವನ್ನು ಮಕ್ಕಳಿಂದ ಭಕ್ತಿಯಿಂದ ಬಾಯಿಪಾಠ ಮಾಡಿಸಿದ್ದೆ.

ಪ್ಯಾಕೇಜು ಕೆಟ್ಟದ್ದು ಅನ್ನುತ್ತಿಲ್ಲ. ತೊಗರಿ ರಾಶಿ ಮುಗಿಸಿ ಫೆಬ್ರವರಿಯಲ್ಲಿ ಬಂದು "ಸರ, ಪಾಸಾದ್ರ ಸಾಕ್ರಿ" ಅನ್ನುವ ಹುಡುಗನಿಗೆ ಬೇರೆ ದಾರಿಯಾದರೂ ಯಾವುದಿದೆ? ಉಳಿದವರಿಗೆ ಮಾತ್ರ ಪುಸ್ತಕವೇ ಮೊದಲು. 2013-14ರಿಂದ ನಮ್ಮ ದ್ವಿತೀಯ ಪಿಯುಸಿಗೆ ಎನ್‌ಸಿಇಆರ್‌ಟಿ ಪುಸ್ತಕ ಇದೆ. ಎರಡು ಭಾಗ, 13 ಅಧ್ಯಾಯ, ಅದರಲ್ಲಿ ಐದು ಕ್ಯಾಲ್ಕುಲಸ್. ಕ್ಯಾಲ್ಕುಲಸ್ ಬಿಟ್ಟು ಪಾಸಾಗುತ್ತೇನೆ ಎಂದು ಹೊರಟವನು ಪತ್ರಿಕೆಯ ದೊಡ್ಡ ಪಾಲನ್ನೇ ಬಿಟ್ಟಂತೆ. ಆದರೆ ಅಲ್ಲಿಂದಲೇ ಶುರು ಮಾಡಬೇಕೆಂಬ ಕಾಯಿದೆಯೂ ಇಲ್ಲ. ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ವೆಕ್ಟರ್, ಥ್ರೀ ಡಿ, ಎಲ್‌ಪಿಪಿ, ಪ್ರಾಬಬಿಲಿಟಿ ಇವ್ಯಾವಕ್ಕೂ ಡಿಫರೆನ್ಸಿಯೇಷನ್ ಬೇಕಿಲ್ಲ. ಹೆದರಿದವರಿಗೆ ಮೊದಲು ಇವನ್ನು ಮಾಡಿಸುತ್ತೇನೆ. ಒಂದಿಷ್ಟು ಅಂಕ ಕೈಯಲ್ಲಿವೆ ಅನ್ನುವ ಧೈರ್ಯ ಬಂದ ಮೇಲೆ ಕ್ಯಾಲ್ಕುಲಸ್.

3. ತಾಳೆ ನೋಡುವಾಗ ಮೊದಲನೇ ಸಮೀಕರಣ ಒಂದನ್ನೇ ನಂಬಬೇಡಿ.

ಮೂರು ಸಮೀಕರಣ ಕೊಟ್ಟು ಮ್ಯಾಟ್ರಿಕ್ಸ್ ವಿಧಾನದಿಂದ ಬಿಡಿಸು ಅನ್ನುವ ಐದು ಅಂಕದ ಲೆಕ್ಕ ನಮ್ಮ ಮಕ್ಕಳಿಗೆ ಮನೆಯ ಎತ್ತಿದ್ದ ಹಾಗೆ, ಕರೆದರೆ ಬರುತ್ತದೆ ಎಂಬ ನಂಬಿಕೆ. ಪಠ್ಯಪುಸ್ತಕದಲ್ಲೇ ಒಂದು ಉದಾಹರಣೆಯಿದೆ. ಮೂರು ಸಂಖ್ಯೆಗಳ ಮೊತ್ತ 6. ಮೂರನೆಯದನ್ನು 3ರಿಂದ ಗುಣಿಸಿ ಎರಡನೆಯದನ್ನು ಕೂಡಿಸಿದರೆ 11. ಮೊದಲನೆಯದು ಮತ್ತು ಮೂರನೆಯದು ಸೇರಿದರೆ ಎರಡನೆಯದರ ಎರಡರಷ್ಟು. ಸಂಖ್ಯೆಗಳು 1, 2, 3 ಎಂದು ಬಾಯಲ್ಲೇ ಹೇಳಬಹುದು, ಆದರೆ ಮ್ಯಾಟ್ರಿಕ್ಸಿನಲ್ಲಿ ಬರೆದು ತೋರಿಸಬೇಕು.

ಒಬ್ಬ ಹುಡುಗಿ ಬರೆದಳು. ಮೊದಲ ಸಾಲಿನ ಕೋಫ್ಯಾಕ್ಟರ್ 7, 3, ಮೈನಸ್ 1 ಬರಬೇಕು. ನಡುವಿನದರ ಚಿಹ್ನೆ ಬದಲಿಸುವುದು ಮರೆತು ಮೈನಸ್ 3 ಎಂದು ಬರೆದಳು. ಅವೇ ಕೋಫ್ಯಾಕ್ಟರ್ ಹಿಡಿದು ಡಿಟರ್ಮಿನೆಂಟ್ ತೆಗೆದಳು: 7ರಲ್ಲಿ 3 ಹೋಯಿತು, ಮತ್ತೆ 1 ಹೋಯಿತು, ಉಳಿದದ್ದು 3. ಇರಬೇಕಾದದ್ದು 9. ಮುಂದಿನದೆಲ್ಲ ಅಚ್ಚುಕಟ್ಟು. ಉತ್ತರ ಬಂದದ್ದು 3, ಮೈನಸ್ 6, 9. ನಾನು ಹೇಳಿಕೊಟ್ಟಂತೆ ಮೊದಲನೇ ಸಮೀಕರಣಕ್ಕೆ ಹಾಕಿ ನೋಡಿದಳು. 3 ಮತ್ತು 9 ಕೂಡಿ 12, ಅದರಲ್ಲಿ 6 ಹೋದರೆ 6. ತಾಳೆಯಾಯಿತು! ನಾನೂ ಟಿಕ್ ಹಾಕಿದೆ.

ಉತ್ತರ 1, 2, 3 ಎಂದು ಗೊತ್ತಿದ್ದೂ ಟಿಕ್ ಹಾಕಿದೆನಲ್ಲ, ಅದು ಬೇರೆ ಕಥೆ. ಸರದಿಯಲ್ಲಿ ಕೂತವರ ನೋಟ್‌ಬುಕ್ ನೋಡುವಾಗ ಕೊನೆಯ ಸಾಲಿನಲ್ಲಿ "ತಾಳೆ" ಅಂತ ಕಂಡರೆ ಸಾಕಾಗಿತ್ತು. ಪಕ್ಕದ ಹುಡುಗನೇ ಹಿಡಿದ: "ಸರ, ನಂದು ಬ್ಯಾರೆ ಬಂದೈತ್ರಿ, ನಂದೂ ತಾಳಿ ಆಗೈತ್ರಿ." ಎರಡನೇ ಸಮೀಕರಣಕ್ಕೆ ಹಾಕಿದೆವು, ಹುಡುಗಿಯ ಉತ್ತರದಿಂದ 11ರ ಬದಲು 21 ಬಂತು. ಮೂರನೆಯದರಲ್ಲಿ ಸೊನ್ನೆಯ ಬದಲು 24.

ರಾತ್ರಿ ಕೂತು ಯೋಚಿಸಿದರೆ ಇದು ಆಕಸ್ಮಿಕವೇ ಅಲ್ಲ ಎಂದು ತಿಳಿಯಿತು. ಮೊದಲ ಸಾಲಿನ ಕೋಫ್ಯಾಕ್ಟರ್ ತಪ್ಪಿ, ಆ ತಪ್ಪು ಕೋಫ್ಯಾಕ್ಟರಿನಿಂದಲೇ ಡಿಟರ್ಮಿನೆಂಟನ್ನೂ ತೆಗೆದರೆ ಮೊದಲನೇ ಸಮೀಕರಣ ಯಾವಾಗಲೂ ಸರಿಯಾಗಿಯೇ ಬರುತ್ತದೆ. ಮೇಲೆ ಇರುವ ತಪ್ಪೇ ಕೆಳಗೂ ಇರುವುದರಿಂದ ಎರಡೂ ಹೊಡೆದುಹೋಗುತ್ತವೆ. ನಾನು ವರ್ಷಗಟ್ಟಲೆ ಮಕ್ಕಳಿಗೆ "ಒಂದರಾಗ ಹಾಕಿ ನೋಡ್ರಿ ಸಾಕು" ಎಂದು ಹೇಳಿದ್ದೆ. ಅವರು ಹಾಕುತ್ತಿದ್ದದ್ದು ಆ ತಪ್ಪನ್ನು ಹಿಡಿಯಲಾರದ ಅದೇ ಒಂದರಲ್ಲಿ. ಈಗ ಮೂರರಲ್ಲೂ ಹಾಕಿಸುತ್ತೇನೆ, ಮೂರನೆಯದರಿಂದ ಹಿಂದಕ್ಕೆ. ಅರ್ಧ ನಿಮಿಷದ ಕೆಲಸ.

4. ಸೊನ್ನೆಯಿಂದ ಭಾಗಿಸಿದವರಲ್ಲಿ ದೊಡ್ಡವರೂ ಇದ್ದಾರೆ.

ಮ್ಯಾಕ್ಸಿಮಾ–ಮಿನಿಮಾ ಲೆಕ್ಕ. ಡಿಫರೆನ್ಸಿಯೇಟ್ ಮಾಡಿ ಸೊನ್ನೆಗೆ ಸಮ ಹಾಕಿದಾಗ "3 ಎಕ್ಸ್ ಸ್ಕ್ವೇರ್ ಮೈನಸ್ 6 ಎಕ್ಸ್ ಈಕ್ವಲ್ ಟು ಸೊನ್ನೆ" ಬಂತೆನ್ನಿ. ಆತುರದವನು ಎರಡೂ ಕಡೆ ಎಕ್ಸ್ ಹೊಡೆದುಹಾಕಿ "ಎಕ್ಸ್ ಈಕ್ವಲ್ ಟು 2" ಎಂದು ಬರೆದು ಮುಂದೆ ಹೋಗುತ್ತಾನೆ. ಎಕ್ಸ್ ಸೊನ್ನೆಯೂ ಆಗಬಹುದಿತ್ತು. ಈ ಲೆಕ್ಕದಲ್ಲಿ ಮ್ಯಾಕ್ಸಿಮಮ್ ಇರುವುದೇ ಅಲ್ಲಿ. 2ರಲ್ಲಿರುವುದು ಮಿನಿಮಮ್. ಹೊಡೆದುಹಾಕಿದ್ದು ಅರ್ಧ ಉತ್ತರವನ್ನೇ. ನಾನು ಫೇಲಾದ ವರ್ಷ ಮಾಡಿದ ತಪ್ಪುಗಳಲ್ಲಿ ಇದೂ ಒಂದು, ಈಗಲೂ ಬೋರ್ಡಿನ ಮೇಲೆ ಅವಸರದಲ್ಲಿ ಬರೆಯುವಾಗ ಕೈ ಅದೇ ಕಡೆ ಹೋಗುತ್ತದೆ.

ಮಕ್ಕಳು ಮುಖ ಸಪ್ಪಗೆ ಮಾಡಿದರೆ ಮಹಾವೀರಾಚಾರ್ಯರ ಸುದ್ದಿ ಹೇಳುತ್ತೇನೆ. ಒಂಬತ್ತನೇ ಶತಮಾನದವರು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ' ಬರೆದವರು. ಆ ರಾಜನ ಮಾನ್ಯಖೇಟ ಅಂದರೆ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ಆಸ್ಥಾನದ 'ಕವಿರಾಜಮಾರ್ಗ' ತಿರುಳ್ಗನ್ನಡದ ಸೀಮೆ ಹೇಳುವಾಗ ನಮ್ಮ ಕೊಪಣದ, ಅಂದರೆ ಕೊಪ್ಪಳದ ಹೆಸರನ್ನೂ ಹೇಳುತ್ತದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಆ ಕಾಲಕ್ಕೇ ಸ್ಪಷ್ಟವಾಗಿ ಬರೆದಿಟ್ಟ ಮಹಾನುಭಾವರು, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದೂ ಬರೆದರು. ಇದನ್ನು ಕೇಳಿದ ಒಬ್ಬ ಹುಡುಗ, "ಹಂಗಾರ ನಮಗ ಯಾಕ ಮಾರ್ಕ್ಸ್ ಕಟ್ ಮಾಡ್ತೀರಿ ಸರ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

5. ಬಾಯಿಪಾಠ ಮಾಡಿದ ಸಾಧನೆ ಮೂರು ಹೆಜ್ಜೆ ನಡೆಸುತ್ತದೆ, ಆಮೇಲೆ ಕೈಬಿಡುತ್ತದೆ.

ನಮ್ಮ ಬೋರ್ಡಿನ ಐದು ಅಂಕದ ಪ್ರಶ್ನೆಗಳಲ್ಲಿ ಒಂದು ಬಗೆ ಇದೆ. ಮೊದಲು ಒಂದು ಸೂತ್ರ ಸಾಧಿಸಬೇಕು, ಅದರಿಂದಲೇ ಮುಂದೆ ಒಂದು ಬೆಲೆ ಕಂಡುಹಿಡಿಯಬೇಕು. ಉದಾಹರಣೆಗೆ ಛೇದದಲ್ಲಿ "ಎಕ್ಸ್ ಸ್ಕ್ವೇರ್ ಪ್ಲಸ್ ಎ ಸ್ಕ್ವೇರ್" ಇರುವ ಇಂಟಿಗ್ರಲ್. ಎಕ್ಸ್ ಇದ್ದ ಜಾಗದಲ್ಲಿ "ಎ ಟ್ಯಾನ್ ತೀಟಾ" ಹಾಕಿ ಸೂತ್ರ ತರುವುದನ್ನು ಮಕ್ಕಳು ನಿದ್ದೆಯಲ್ಲೂ ಬರೆದಾರು. ಆಮೇಲೆ "ಎಕ್ಸ್ ಸ್ಕ್ವೇರ್ ಪ್ಲಸ್ 2 ಎಕ್ಸ್ ಪ್ಲಸ್ 2" ಛೇದದಲ್ಲಿ ಬಂತು ಅಂದರೆ ಪೆನ್ನು ನಿಂತೇ ಬಿಡುತ್ತದೆ. ಅದು ಎಕ್ಸ್ ಪ್ಲಸ್ 1ರ ವರ್ಗ, ಅದಕ್ಕೆ ಇನ್ನೊಂದು 1 ಎಂದು ಕಾಣಬೇಕು. ಕಂಡರೆ ಒಂದೇ ಸಾಲಿನ ಉತ್ತರ: ಟ್ಯಾನ್ ಇನ್ವರ್ಸ್ ಎಕ್ಸ್ ಪ್ಲಸ್ 1, ಪ್ಲಸ್ ಸಿ.

ಮಕ್ಕಳಿಗೆ ಇಂಟಿಗ್ರೇಷನ್ ಬರುವುದಿಲ್ಲ ಎಂದು ನಾನು ಬಹಳ ದಿನ ತಿಳಿದಿದ್ದೆ. ಅವರಿಗೆ ಬಾರದೆ ಇದ್ದದ್ದು ವರ್ಗ ಪೂರ್ಣಗೊಳಿಸುವುದು, ಭಿನ್ನರಾಶಿ ಕೂಡಿಸುವುದು, ಅಪವರ್ತನ. ಎಲ್ಲ ಹಿಂದಿನ ತರಗತಿಗಳ ಬಾಕಿ. ನಾನು ಮಾತ್ರ ಇಂಟಿಗ್ರೇಷನ್ ಲೆಕ್ಕಗಳನ್ನೇ ಮೇಲಿಂದ ಮೇಲೆ ಹೇರುತ್ತಿದ್ದೆ. ಈಗ ವರ್ಷದ ಮೊದಲ ಕೆಲವು ವಾರ ಹೈಸ್ಕೂಲಿನ ಬೀಜಗಣಿತವೇ. ಕಾಲೇಜಿಗೆ ಬಂದೂ ಭಿನ್ನರಾಶಿಯೇ ಎಂದು ಮಕ್ಕಳು ಗೊಣಗುತ್ತಾರೆ, ಗೊಣಗಲಿ.

6. ಖಾಲಿ ಹಾಳೆಗೆ ಯಾರೂ ಅಂಕ ಕೊಡಲಾರರು.

ಮೌಲ್ಯಮಾಪನಕ್ಕೆ ಸ್ಕೀಮ್ ಇರುತ್ತದೆ, ಹಂತಕ್ಕಿಷ್ಟು ಅಂಕ. ನನಗೆ ಇದು ತಿಳಿದದ್ದು ನನ್ನ ಹತ್ತಿರ ಬರುತ್ತಿದ್ದ ಹುಡುಗನೊಬ್ಬ ತರಿಸಿದ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ನೋಡಿದಾಗ. ಉತ್ತರ ತಪ್ಪಿದ್ದ ಲೆಕ್ಕಕ್ಕೂ ಅಂಕ ಬಿದ್ದಿದ್ದವು. ಅದೇ ಹುಡುಗ ಬರೆದು, ಸಂಶಯ ಬಂದು ಅಡ್ಡಗೆರೆ ಎಳೆದಿದ್ದ ಇನ್ನೊಂದು ಲೆಕ್ಕ ಅರ್ಧ ಸರಿಯೇ ಇತ್ತು. "ಡೌಟ್ ಇದ್ದುದನ್ನು ಹೊಡೆದುಹಾಕು, ನೀಟಾಗಿ ಕಾಣಲಿ" ಎಂದು ಬುದ್ಧಿ ಹೇಳಿದ್ದವನು ನಾನೇ. ಒಂದು ಅಂಕದ ಎ ಭಾಗದಲ್ಲಿ ಮಾತ್ರ ಬೇರೆ ನಿಯಮ: ಮೊದಲು ಬರೆದ ಉತ್ತರವನ್ನಷ್ಟೇ ನೋಡುತ್ತಾರೆ ಎಂದು ಪತ್ರಿಕೆಯ ಸೂಚನೆಯಲ್ಲೇ ಇರುತ್ತದೆ. ಎರಡು ಸಲ ಬರೆದು ಪ್ರಯೋಜನವಿಲ್ಲ.

7. ಪತ್ರಿಕೆಯ ಕನ್ನಡದ ಪುಟವನ್ನೂ ಓದಿ.

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಸಿಗೆ ಬಂದಾಗ ಎಲ್ಲವೂ ಇಂಗ್ಲಿಷ್. ಈ ಕಷ್ಟ ನಮ್ಮ ಸೀಮೆಯಲ್ಲಿ ಹೊಸದಲ್ಲ, ಬಣ್ಣಿಸುವ ಅಗತ್ಯವಿಲ್ಲ. ಗಣಿತದ ಪ್ರಶ್ನೆಪತ್ರಿಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಚ್ಚಾಗಿರುತ್ತದೆ. ಆದರೂ ಕಾಲೇಜಿನವರಾದೆವು ಎಂಬ ಬಿಗುಮಾನಕ್ಕೆ ನಾನು ಕನ್ನಡದ ಭಾಗ ತಿರುವಿಯೂ ನೋಡಲಿಲ್ಲ, ನನ್ನ ಮಕ್ಕಳಿಗೂ ನೋಡಿ ಎನ್ನಲಿಲ್ಲ. ದಾಳವನ್ನು ಎರಡು ಸಲ ಎಸೆದಾಗ ಕನಿಷ್ಠ ಒಮ್ಮೆ 6 ಬೀಳುವ ಸಂಭವನೀಯತೆ ಕೇಳಿದರೆ ಉತ್ತರ 36ರಲ್ಲಿ 11. ಇಂಗ್ಲಿಷಿನಲ್ಲಿ ಓದಿ "ಒಮ್ಮೆ ಮಾತ್ರ" ಎಂದು ತಿಳಿದವನು 36ರಲ್ಲಿ 10 ಎಂದು ಬರೆದು ಬರುತ್ತಾನೆ. ಲೆಕ್ಕ ಬರುತ್ತಿತ್ತು, ಪ್ರಶ್ನೆ ತಿಳಿಯಲಿಲ್ಲ. ಪ್ರಾಬಬಿಲಿಟಿ, ಎಲ್‌ಪಿಪಿಯಂಥ ಮಾತಿನ ಲೆಕ್ಕಗಳನ್ನು ಈಗ ಎರಡೂ ಕಡೆ ಓದಿಸುತ್ತೇನೆ.

8. ಮೂರು ತಾಸು ಕೂರುವುದನ್ನೂ ಕಲಿಯಬೇಕು.

80 ಅಂಕದ ಪತ್ರಿಕೆಗೆ ಮೂರು ತಾಸು. ಅಂಕಕ್ಕೆ ಎರಡು ನಿಮಿಷದಂತೆ ಹಿಡಿದರೂ 20 ನಿಮಿಷ ಉಳಿಯುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿಕೊಟ್ಟು ನಿಶ್ಚಿಂತನಾಗಿದ್ದೆ. ಪೂರ್ತಿ ಪತ್ರಿಕೆಯನ್ನು ಒಂದೇ ಪಟ್ಟಿಗೆ ಕೂಡಿಸಿ ಬರೆಸಿರಲೇ ಇಲ್ಲ. ಜನವರಿ ಬಂತೆಂದರೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಆಮೇಲೆ ಮದುವೆ ಸುಗ್ಗಿ, ಫಾಲ್ಗುಣದಲ್ಲಿ ಕನಕಗಿರಿಯ ಕನಕಾಚಲಪತಿ ತೇರು. ನಡುವೆ ಕರೆಂಟು ಹೋಗುವುದು ಇದ್ದದ್ದೇ. ಮೂರು ತಾಸು ಸಿಗುವುದು ಕಷ್ಟ ನಿಜ, ಆದರೆ ಸಿಕ್ಕಾಗಲೂ ನಾನು ಅದನ್ನು ಪಾಠಕ್ಕೇ ಬಳಸಿದೆ. ಕೊನೆಗೊಮ್ಮೆ ಭಾನುವಾರ ಬೆಳಿಗ್ಗೆ ಕೂಡಿಸಿ ಬರೆಸಿದರೆ, ಎರಡು ತಾಸಿನ ಮೇಲೆ ಜಾಣರ ಕೈಯೇ ತಪ್ಪತೊಡಗಿತು. ಇ ಭಾಗದ ಎಲ್‌ಪಿಪಿ ಗ್ರಾಫ್ ಶೀಟಿನ ಮೇಲೆ ಎಳೆಯಬೇಕಾದದ್ದು. ಗೆರೆ ಸರಿ ಎಳೆದು, ಯಾವ ಮಗ್ಗುಲು ಗೆರೆ ತುಂಬಬೇಕು ಎಂಬಲ್ಲಿ ತಪ್ಪಿದರು. ಸೊನ್ನೆ-ಸೊನ್ನೆ ಬಿಂದು ಹಾಕಿ ನೋಡಿದ್ದರೆ ಆಗುತ್ತಿತ್ತು, ಅಷ್ಟು ತಾಳ್ಮೆ ಉಳಿದಿರಲಿಲ್ಲ. ಈಗ ಎಲ್‌ಪಿಪಿ ಮೊದಲ ತಾಸಿನಲ್ಲೇ.

9. "ಗಣಿತ ನಿನಗಲ್ಲ" ಎಂದು ಹೇಳುವ ಹಕ್ಕು ನನಗಿರಲಿಲ್ಲ.

ಇದನ್ನು ಬರೆಯಲೋ ಬೇಡವೋ ಎಂದು ಹಿಂದೆಮುಂದೆ ನೋಡಿದೆ. ಗಣಿತ ಒಂದರಲ್ಲೇ ಫೇಲಾದ ಹುಡುಗ ರಿಸಲ್ಟ್ ಬಂದ ಸಂಜೆ ನನ್ನ ಹತ್ತಿರ ಬಂದ. ಅವರಪ್ಪನೂ ಜತೆಗಿದ್ದ. "ಏನ್ ಮಾಡೂಣ್ರಿ ಮಾಸ್ತರ?" ಅಂದ. ನಾನು ದೊಡ್ಡ ಅನುಭವಿಯ ಹಾಗೆ, "ಗಣಿತ ಇವಗ ಒಗ್ಗಿಲ್ಲಪ್ಪ, ಆರ್ಟ್ಸ್ ಕೊಡಿಸಿದ್ರ ಚಲೋ ಇತ್ತು" ಅಂದುಬಿಟ್ಟೆ. ಒಳ್ಳೆಯ ಮನಸ್ಸಿನಿಂದಲೇ ಅಂದೆ. ಅಪ್ಪನಿಗೆ ಕೇಳಿಸಿದ್ದು ಓದು ಸಾಕು ಎಂದು. ಮುಂದಿನ ಪರೀಕ್ಷೆಗೆ ಅರ್ಜಿ ಹಾಕುವ ದಿನ ಮುಗಿಯುವಷ್ಟರಲ್ಲಿ ಹುಡುಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ಆಮೇಲೆ ಅವನ ನೋಟ್‌ಬುಕ್ ತಿರುವಿ ನೋಡಿದೆ. ವಿಧಾನ ಎಲ್ಲ ಕಡೆ ಸರಿಯಿತ್ತು. ತಪ್ಪಿದ್ದದ್ದು ಚಿಹ್ನೆ, ಭಿನ್ನರಾಶಿ, ಅವಸರ. ನಾನು ಫೇಲಾದಾಗ ನನ್ನ ನೋಟ್‌ಬುಕ್ಕಿನಲ್ಲಿದ್ದದ್ದೂ ಅವೇ. ನನಗೆ "ಗಣಿತ ನಿನಗಲ್ಲ" ಎಂದು ಹೇಳುವ ಮಾಸ್ತರರು ಆಗ ಯಾರೂ ಸಿಗಲಿಲ್ಲ, ಅದಕ್ಕೇ ಸಪ್ಲಿಮೆಂಟರಿ ಕಟ್ಟಿ ಪಾಸಾದೆ.

2024ರಲ್ಲಿ ವಾರ್ಷಿಕ, ಪೂರಕ ಎಂಬ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2 ಎಂದಾಯಿತು. ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದೇ ಅಂಕ. ಒಂದರ ರಿಸಲ್ಟಿಗೂ ಇನ್ನೊಂದಕ್ಕೂ ನಡುವೆ ಸಿಗುವುದು ಕೆಲವೇ ವಾರ, ಅರ್ಜಿ ಹಾಕಲು ಅದಕ್ಕಿಂತ ಕಡಿಮೆ ದಿನ. ಆದ್ದರಿಂದ ಓದುವವರಲ್ಲಿ ಒಂದು ಬೇಡಿಕೆ. ರಿಸಲ್ಟ್ ಬಂದ ದಿನ ಪಾಸಾದವರ ಮನೆಗೆ ಪೇಡೆ ತಿನ್ನಲು ನಾಳೆ ಹೋದರೂ ನಡೆಯುತ್ತದೆ, ನಿಮ್ಮ ಓಣಿಯಲ್ಲಿ ಗಣಿತದಲ್ಲಿ ಉಳಿದವರಿದ್ದರೆ ಅವರ ಮನೆಗೆ ಅವತ್ತೇ ಹೋಗಿ ಅರ್ಜಿ ತುಂಬಿಸಿ. ಪಾಸಾದವರು ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕದೆ ಊರಿನ ಅರಿವು ಕೇಂದ್ರದ ಗ್ರಂಥಾಲಯಕ್ಕೆ ಕೊಡಿ, ಕೆಂಪು ಗೆರೆ ಇರುವ ಪುಟಗಳನ್ನು ಹರಿಯದೆ.